ದಸ್ತಗೀರ್ ಸಾಬರ ಹೆಬ್ಬೆರಳು

ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಸೇತುವೆಯ ಹತ್ತಿರ, ದಸ್ತಗೀರ್ ಸಾಬರ ಗ್ಯಾರೇಜು. ಅದನ್ನು ಆಶ್ರಮ ಅಂದರೂ ನಡೆಯುತ್ತದೆ. ಕಲಿಯಲು ಬಂದವರು ಅಲ್ಲಿಂದ ಬೇಗ ಹೊರಗೆ ಹೋಗುತ್ತಿರಲಿಲ್ಲ.

ಅದಕ್ಕೆ ಕಾರಣ ಅಲ್ಲಿನ ಒಂದು ಪದ್ಧತಿ. ಎಂಜಿನ್ ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲ ಶಿಷ್ಯರ ಕೆಲಸ. ಆದರೆ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ, ಏನೂ ಸೋರದ ಹಾಗೆ ಕೂರುವ ಗ್ಯಾಸ್ಕೆಟ್ಟನ್ನು ಮಾತ್ರ ಉಸ್ತಾದರೇ, ಅಂದರೆ ಸಾಬರೇ, ಆರಿಸಬೇಕು. ಆ ಕೆಲಸವನ್ನು ಅವರು ಯಾರಿಗೆ ಬಿಟ್ಟುಕೊಡುತ್ತಾರೋ ಅವನು ಅಂದಿನಿಂದ ಮೇಸ್ತ್ರಿ.

ಹಾಲೇಶ ಒಂಬತ್ತು ವರ್ಷದಿಂದ ಆ ದಿನಕ್ಕೆ ಕಾಯುತ್ತಿದ್ದ. ಮದುವೆಯಾಗಿ ಎರಡು ಮಕ್ಕಳಾದರೂ ಗ್ಯಾರೇಜಿನಲ್ಲಿ ಅವನಿನ್ನೂ ‘ಲೇ ಹಾಲೇಶ’. ಹೇಳಿಕೊಳ್ಳದಿದ್ದರೂ ಅದು ಅವನಿಗೆ ಚುಚ್ಚುತ್ತಿತ್ತು.

ಒಂದು ದಿನ ನೀಲಾಂಬಿಕೆ ಟೀಚರ ಕಾರು ಬಂತು. ಟರ್ಬೊ ಇರುವ ಡೀಸೆಲ್ ಕಾರು. ಬೇರೆಲ್ಲೋ ಎರಡು ಸಲ ಗ್ಯಾಸ್ಕೆಟ್ ಹಾಕಿಸಿದ್ದರು. ಎರಡು ಸಲವೂ ಅದು ಸುಟ್ಟುಹೋಗಿ, ನೀರೂ ಎಣ್ಣೆಯೂ ಒಂದಾಗಿದ್ದವು.

“ಇನ್ನೊಂದು ಸಲ ಹಿಂಗಾದ್ರೆ ಗುಜರಿಗೆ ಹಾಕ್ತೀನಿ ಸಾಬ್ರೆ. ನಿಮ್ಮನ್ನ ನಂಬಿ ತಂದಿದ್ದೀನಿ,” ಎಂದು ಹೇಳಿ ಟೀಚರ್ ಬಸ್ಸು ಹಿಡಿದು ಶಾಲೆಗೆ ಹೋದರು.

ಹಾಲೇಶ ಹೆಡ್ಡು ಬಿಚ್ಚಿದ. ಮರುದಿನವೇ ಒಂದು ಹೊಸ ಗ್ಯಾಸ್ಕೆಟ್ ಹಿಡಿದುಕೊಂಡು ಉಸ್ತಾದರ ಮುಂದೆ ನಿಂತ.

“ಉಸ್ತಾದ್, ಟರ್ಬೊ ಒತ್ತಡ ತಡೀಬೇಕಲ್ಲ, ಅದಕ್ಕೆ ಉಕ್ಕಿನ ಪದರದ್ದೇ ತಂದೀನಿ. ಇದಕ್ಕಿಂತ ಗಟ್ಟಿ ಯಾವುದೂ ಇಲ್ಲ.”

“ಗಟ್ಟಿ ಐತಿ. ಎಲ್ಲಿ ಕೂರಬೇಕು ಅದು?”

“ಬ್ಲಾಕಿನ ಮೇಲೆ.”

ಉಸ್ತಾದರು ಒಂದು ಉಕ್ಕಿನ ಪಟ್ಟಿಯನ್ನು ಬ್ಲಾಕಿನ ಮೇಲೆ ಅಡ್ಡ ನಿಲ್ಲಿಸಿದರು. ಹಿಂದಿನಿಂದ ಬ್ಯಾಟರಿ ಬಿಟ್ಟರು. ಪಟ್ಟಿಯ ಕೆಳಗೆ ಎರಡು ಕಡೆ ಬೆಳಕು ತೂರಿ ಬಂತು.

“ಬೆಳಕು ಹೋದಲ್ಲಿ ಗ್ಯಾಸೂ ಹೋಕ್ಕತಿ,” ಎಂದು ಹೇಳಿ ಅವರು ಬ್ಯಾಟರಿ ಆರಿಸಿದರು.

ಹಾಲೇಶ ಬ್ಲಾಕನ್ನು ಲೇತಿನವರ ಹತ್ತಿರ ಹೊರಿಸಿಕೊಂಡು ಹೋದ. ತೆಳ್ಳಗೆ ಒಂದು ಪದರ ಕೆತ್ತಿಸಿ, ಮುಖ ಸಮ ಮಾಡಿಸಿ ತಂದ. ಪಿಸ್ಟನ್ನುಗಳನ್ನು ಮತ್ತೆ ಕೂರಿಸಿದ. ಈಗ ಪಟ್ಟಿ ಇಟ್ಟರೆ ಬೆಳಕಿನ ಸುಳಿವೇ ಇಲ್ಲ. ಅದೇ ಗ್ಯಾಸ್ಕೆಟ್ ಹಿಡಿದು ಮತ್ತೆ ಬಂದ.

“ಈಗ ಹಾಕ್ಲಾ?”

“ಇದೇ ಯಾಕೆ?”

“ಹಳೇದರ ಅಂಚಿನಾಗೆ ಒಂದು ತೂತಿತ್ತು. ಇದಕ್ಕೂ ಒಂದೇ ತೂತು.”

ಆ ಎಂಜಿನ್ನಿನ ಗ್ಯಾಸ್ಕೆಟ್ ಮೂರು ದಪ್ಪದಲ್ಲಿ ಬರುತ್ತದೆ. ಗುರುತಿಗೆ ಅಂಚಿನಲ್ಲಿ ತೂತು. ಒಂದು ತೂತಿನದು ತೆಳು, ಎರಡರದು ಮಧ್ಯಮ, ಮೂರರದು ಎಲ್ಲಕ್ಕಿಂತ ದಪ್ಪ.

ಉಸ್ತಾದರು ಶಿಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿನ್ನ ಮದುವೆ ಅಂಗಿ ಈಗ ಆಕ್ಕತೇನಲೇ?”

ಹಾಲೇಶ ತನ್ನ ಹೊಟ್ಟೆ ನೋಡಿಕೊಂಡ. ಸುತ್ತ ಇದ್ದವರು ಕಿಸಕ್ಕನೆ ನಕ್ಕರು. ಅವನಿಗೂ ನಗು ಬಂತು, ನಗುತ್ತಲೇ ವಿಷಯ ಹೊಳೆಯಿತು. ಬ್ಲಾಕು ಒಂದು ಪದರ ತಗ್ಗಿದೆ. ಹಾಗಾದರೆ ಪಿಸ್ಟನ್ನು ಮೊದಲಿಗಿಂತ ಮೇಲೆ ಏಳುತ್ತದೆ. ತೆಳು ಗ್ಯಾಸ್ಕೆಟ್ ಹಾಕಿದರೆ ಹೆಡ್ಡಿಗೇ ಹೋಗಿ ಹೊಡೆಯುತ್ತದೆ.

“ಎಷ್ಟು ದಪ್ಪದ್ದು ಹಾಕ್ಬೇಕು ಅಂತ ಯಾರನ್ನ ಕೇಳ್ಲಿ ಉಸ್ತಾದ್?”

“ಎಂಜಿನ್ನನ್ನ ಕೇಳ್ಬೇಕು.”

ಹಾಗೆ ಹೇಳಿ ಅವರೇ ಬಂದು ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆಗ ಆಚೆ ತುದಿಯ ಒಂದು ಪಿಸ್ಟನ್ನು, ಈಚೆ ತುದಿಯ ಒಂದು ಪಿಸ್ಟನ್ನು ಮೇಲಿದ್ದವು. ಬ್ಲಾಕಿಗಿಂತ ಎಷ್ಟು ಎದ್ದಿವೆ ಎಂದು ಅವುಗಳ ಅಂಚಿನ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರು.

ಆ ಹೆಬ್ಬೆರಳು ಸಾಮಾನ್ಯದ್ದಲ್ಲ. ಮೂವತ್ತೈದು ವರ್ಷ ಅದು ಹೇಳಿದ್ದೇ ಆ ಗ್ಯಾರೇಜಿನಲ್ಲಿ ಕೊನೆಯ ಮಾತು.

“ಎರಡು,” ಎಂದರು ಉಸ್ತಾದರು. ಎರಡು ತೂತಿನ ಗ್ಯಾಸ್ಕೆಟ್ ತೆಗೆದು ಹಾಲೇಶನ ಕೈಗಿತ್ತರು. “ಸಂಜೆ ಟೀಚರ್ ಬರ್ತಾರೆ. ಅಷ್ಟರಾಗೆ ಹೆಡ್ಡು ಮುಚ್ಚು.” ನಮಾಜಿಗೆ ಹೊರಟುಹೋದರು.

ಹಾಲೇಶ ಗ್ಯಾಸ್ಕೆಟ್ ಇಟ್ಟ. ಹೆಡ್ಡು ಎತ್ತಲು ಬಗ್ಗಿದವನು ಹಾಗೇ ನಿಂತ.

ನಡುವಿನ ಎರಡು ಪಿಸ್ಟನ್ನುಗಳು ಕೆಳಗಿದ್ದವು. ಅವನ್ನು ಯಾರೂ ಮುಟ್ಟಿರಲಿಲ್ಲ.

ಉಸ್ತಾದರೇ ನೋಡಿದ್ದಾರೆ, ನಿನಗ್ಯಾಕೆ ಅಧಿಕಪ್ರಸಂಗ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುತ್ತಲೇ ಗ್ಯಾಸ್ಕೆಟ್ ಎತ್ತಿಟ್ಟು ಎಂಜಿನ್ ತಿರುಗಿಸಿದ. ತುದಿಯ ಎರಡು ಕೆಳಗಿಳಿದವು, ನಡುವಿನ ಎರಡು ಮೇಲೆ ಬಂದವು. ಅಳೆಯುವ ಡಯಲ್ ಗೇಜ್ ತಂದು ಬ್ಲಾಕಿನ ಮೇಲೆ ಕೂರಿಸಿದ.

ಎರಡನೇ ಪಿಸ್ಟನ್ನು ಸರಿಯಾಗಿತ್ತು. ಮೂರನೆಯದರ ಮೇಲೆ ಮುಳ್ಳು ಇನ್ನೂ ಮುಂದಕ್ಕೆ ಓಡಿತು.

ಗೇಜು ತಪ್ಪಾಗಿ ಕೂತಿರಬೇಕು ಎಂದುಕೊಂಡು ಬಿಚ್ಚಿ ಮತ್ತೆ ಕೂರಿಸಿದ. ಮೂರು ಸಲ ಅಳೆದ, ಮೂರು ಸಲವೂ ಮುಳ್ಳು ಒಂದೇ ಜಾಗದಲ್ಲಿ ನಿಂತಿತು. ಹಿಂದೆ ಯಾರೋ ಆ ಪಿಸ್ಟನ್ನಿಗೆ, ಅದನ್ನು ಮೇಲಕ್ಕೆ ತಳ್ಳುವ ರಾಡನ್ನು ಒಂದು ಎಳೆ ಉದ್ದದ್ದು ಹಾಕಿದ್ದಿರಬೇಕು.

ಎರಡು ತೂತಿನದು ಸಾಲದು. ಇವತ್ತು ಎಂಜಿನ್ ಚಾಲೂ ಆಗುತ್ತದೆ, ಟೀಚರ್ ಖುಷಿಯಾಗಿ ಮನೆಗೆ ಹೋಗುತ್ತಾರೆ. ಆಮೇಲೆ ಯಾವತ್ತೋ ಒಂದು ದಿನ ದಾರಿಯಲ್ಲಿ, ಎಂಜಿನ್ ಕಾದು ಟರ್ಬೊ ಜೋರಾಗಿ ತಿರುಗುವಾಗ, ಪಿಸ್ಟನ್ನು ಹೆಡ್ಡಿಗೆ ಬಡಿಯುತ್ತದೆ.

ಬಾಯಿಬಿಟ್ಟರೆ ಉಸ್ತಾದರಿಗೆ ಎದುರು ಮಾತಾಡಿದ ಹಾಗೆ. ಒಂಬತ್ತು ವರ್ಷ ಕಾದದ್ದು ಒಂದೇ ಮಾತಿಗೆ ನೀರುಪಾಲಾಗಬಹುದು. ಆ ಮನುಷ್ಯನ ಮೇಲೆ ಹಾಲೇಶನಿಗೆ ಅಪ್ಪನ ಮೇಲಿದ್ದಷ್ಟೇ ಪ್ರೀತಿ ಇತ್ತು. ಆದರೆ ಮುಳ್ಳಿನ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಸಂಜೆ ಉಸ್ತಾದರೂ ಟೀಚರೂ ಒಟ್ಟಿಗೇ ಒಳಗೆ ಬಂದರು. ಎಂಜಿನ್ ಬಾಯಿ ತೆರೆದುಕೊಂಡೇ ಇತ್ತು.

“ನಾ ಕೊಟ್ಟ ಗ್ಯಾಸ್ಕೆಟ್ ಎಲ್ಲಲೇ?”

“ಎತ್ತಿಟ್ಟೀನಿ. ಅದು ಬರಲ್ಲ ಉಸ್ತಾದ್. ಮೂರು ತೂತಿಂದು ಬೇಕು.”

ಆ ಗ್ಯಾರೇಜಿನಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ.

“ನನ್ನ ಹೆಬ್ಬೆರಳು ಎರಡು ಅಂದೈತಿ.”

“ಹೆಬ್ಬೆರಳು ಸುಳ್ಳು ಹೇಳಿಲ್ಲ. ಆಗ ಮೇಲಿದ್ದ ಎರಡು ಪಿಸ್ಟನ್ನಿಗೆ ಅದು ಸರಿ. ಮೂರನೇದು ಆಗ ಕೆಳಗಿತ್ತು.” ಹಾಲೇಶನ ದನಿ ನಡುಗಲಿಲ್ಲ. ಅದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಉಸ್ತಾದರು ಕೂತರು. ಮೂರನೇ ಪಿಸ್ಟನ್ನಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಗೇಜಿನ ಮುಳ್ಳನ್ನು ಬಗ್ಗಿ ನೋಡಿದರು. ವೇಸ್ಟು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದ್ದರು.

ಟೀಚರಿಗೆ ತಡೆಯಲಾಗಲಿಲ್ಲ. “ಸಾಬ್ರೆ, ನೀವು ಒಂದು ಹೇಳ್ತೀರಿ, ಈ ಹುಡುಗ ಒಂದು ಹೇಳ್ತಾನೆ. ನಾನು ಯಾರ ಮಾತು ಕೇಳ್ಬೇಕು?”

“ಎಂಜಿನ್ ಮಾತು ಕೇಳ್ರಿ ಟೀಚರಮ್ಮ,” ಎಂದರು ದಸ್ತಗೀರ್ ಸಾಬರು. “ನಾನು ಎರಡು ಪಿಸ್ಟನ್ನನ್ನ ಕೇಳಿ ಎದ್ದು ಹೋದೆ. ಹಾಲೇಶಪ್ಪ ಮೇಸ್ತ್ರಿಯವರು ನಾಲ್ಕನ್ನೂ ಕೇಳ್ಯಾರೆ.”