ಗುಜರಿ ಅಂಗಡಿಯ ಸ್ವಿಚ್ಚು

ಶಿಷ್ಯನು ಕೇಳಿದನು: "ಗುರುಗಳೇ, ಮಠದ ಅಡುಗೆಯವರು ನನ್ನ ಸಮಾಧಾನದ ಮಾತನ್ನು ಕೇಳುತ್ತಿರಲಿಲ್ಲ. ನಿನ್ನೆ ಸಿಟ್ಟು ಮಾಡಿದೆ. ಇಂದು ಹೊತ್ತಿಗೆ ಸರಿಯಾಗಿ ಅಡುಗೆಯಾಯಿತು. ಒಳ್ಳೆಯ ಕೆಲಸಕ್ಕೆ ಸಿಟ್ಟನ್ನು ಬಳಸಿದರೆ ತಪ್ಪೇನು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿ ಹಳೆಯ ಕರೆಂಟ್ ಗರಗಸವೊಂದನ್ನು ಕೊಂಡಿದ್ದನು. ಅದನ್ನು ತಯಾರಿಸಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಸ್ವಿಚ್ಚು ಸುಟ್ಟುಹೋದಾಗ ಅಂಥದೇ ಇನ್ನೊಂದು ಎಲ್ಲಿಯೂ ಸಿಗಲಿಲ್ಲ. ಸುಟ್ಟದ್ದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಗರಗಸವನ್ನೂ ಹೊತ್ತುಕೊಂಡು ಅವನು ಪೇಟೆಯ ಅಂಗಡಿಗಳನ್ನೆಲ್ಲ ಅಲೆದನು. ಒಂದು ಉದ್ದವಾಯಿತು, ಇನ್ನೊಂದರ ತಿರುಪಿನ ತೂತು ಕೂಡಲಿಲ್ಲ. ಕೊನೆಗೆ ಒಬ್ಬ ಗುಜರಿ ವ್ಯಾಪಾರಿ, ಬೇರೆ ಯಾವುದೋ ಯಂತ್ರದಿಂದ ಬಿಚ್ಚಿದ ಸ್ವಿಚ್ಚನ್ನು ಗರಗಸದ ಹಿಡಿಯಲ್ಲಿ ಕೂರಿಸಿದನು. ಅಲ್ಲಿಗೆಂದೇ ಮಾಡಿಸಿದಂತೆ ಕೂತಿತು. ಬಡಗಿ ಅದನ್ನು ಅತ್ತಿತ್ತ ತಿರುಗಿಸಿ ನೋಡುತ್ತಲೇ ಇದ್ದನು.

"ಹೆಣ್ಣು ನೋಡಲು ಬಂದವರೂ ಇಷ್ಟು ಹೊತ್ತು ನೋಡುವುದಿಲ್ಲ, ಆಚಾರ್ರೇ," ಎಂದನು ವ್ಯಾಪಾರಿ. "ಕೂತಿದೆ, ಓಡುತ್ತದೆ. ಇನ್ನೇನು ಬೇಕು ನಿಮಗೆ?"

ಓಡಿಸಿಯೂ ತೋರಿಸಿದನು. ಆ ಬೀದಿಯಲ್ಲಿ ಹಳೆಯ ಯಂತ್ರವನ್ನು ಪರೀಕ್ಷಿಸುವ ಕ್ರಮವೇ ಹಾಗೆ: ಶುರುವಾದರೆ ಸಾಕು. ನಿಲ್ಲಿಸುವಾಗ ವ್ಯಾಪಾರಿ ಗೋಡೆಯ ಬೋರ್ಡಿನಲ್ಲೇ ಕರೆಂಟ್ ಆರಿಸಿಬಿಡುತ್ತಾನೆ.

ಮನೆಗೆ ಬಂದು ಮೊದಲ ಹಲಗೆ ಕೊಯ್ದಾಗ ಬಡಗಿಗೆ ವ್ಯತ್ಯಾಸ ತಿಳಿಯಿತು. ಹಳೆಯ ಸ್ವಿಚ್ಚು, ಬೆರಳು ಸಡಿಲಿಸಿದೊಡನೆ ಗರಗಸವನ್ನು ನಿಲ್ಲಿಸುತ್ತಿತ್ತು. ಇದು ಒಮ್ಮೆ ಒತ್ತಿದರೆ ಓಡುತ್ತಲೇ ಇರುತ್ತಿತ್ತು. ನಿಲ್ಲಿಸಲು ಮತ್ತೆ ಹುಡುಕಿ ಒತ್ತಬೇಕು. ಆದರೂ ಅವನು ಅದನ್ನು ಬಿಚ್ಚಲಿಲ್ಲ. ಅಷ್ಟು ಅಲೆದು ತಂದದ್ದು. ಒತ್ತಿ ಹಿಡಿಯುವ ಶ್ರಮ ತಪ್ಪಿತು, ಬೆರಳಿಗೆ ನೋವಿಲ್ಲ ಎಂದು ಹೆಂಡತಿಗೆ ಹೇಳಿದನು.

ಕೈ ತೆಗೆದ ಮೇಲೂ ತಿರುಗುವ ವಸ್ತುವನ್ನು ನಂಬುವುದು ಹೆಂಡತಿಯಿಂದಾಗಲಿಲ್ಲ. ಅವನು ಕೊಯ್ಯುವಷ್ಟು ಹೊತ್ತೂ ಒಲೆಯ ಕೆಲಸ ಬಿಟ್ಟು ಪ್ಲಗ್ಗಿನ ಬಳಿ ನಿಲ್ಲತೊಡಗಿದಳು. ಮನೆಗೆ ಕಾವಲುಗಾರ್ತಿ ಬಂದಳೆಂದು ಅವನು ಹಾಸ್ಯ ಮಾಡಿದನು. ಆದರೆ ಅವಳು ಇಲ್ಲದಾಗ ಅವನೂ ಗರಗಸವನ್ನು ಮುಟ್ಟುತ್ತಿರಲಿಲ್ಲ.

ಒಂದು ದಿನ ಅವನು ಬಡಗಿಗಳು ಕೂರುವಂತೆ ನೆಲದ ಮೇಲೆ ಕೂತು, ಹಲಸಿನ ಹಲಗೆಯನ್ನು ಬರಿಗಾಲಿನಿಂದ ಅದುಮಿ ಹಿಡಿದು ಕೊಯ್ಯುತ್ತಿದ್ದನು. ಮರದ ಗಂಟಿಗೆ ಸಿಕ್ಕಿ ಗರಗಸ ಹಾರಿತು. ಅವನ ಕೈ ವರ್ಷಗಳಿಂದ ಕಲಿತದ್ದನ್ನೇ ಮಾಡಿತು: ಬಿಟ್ಟುಬಿಟ್ಟಿತು. ಗರಗಸ ನಿಲ್ಲಲಿಲ್ಲ. ಹಲಗೆಯ ಮೇಲೆ ಬಿದ್ದು, ಅದನ್ನು ಅದುಮಿದ್ದ ಕಾಲಿನ ಕಡೆಗೆ ತಾನಾಗಿಯೇ ಓಡಿತು. ನಿಲ್ಲಿಸಬೇಕಾದರೆ ಆ ಹಿಡಿಯನ್ನೇ ಮತ್ತೆ ಹಿಡಿಯಬೇಕಿತ್ತು. ಕೈ ಮುಂದೆ ಹೋಗಲಿಲ್ಲ, ಕಾಲು ಹಿಂದೆ ಬರಲಿಲ್ಲ. ಹೆಂಡತಿ ಪ್ಲಗ್ಗನ್ನು ಕಿತ್ತಳು. ಕರೆಂಟ್ ಹೋದ ಮೇಲೂ ಬ್ಲೇಡು ಒಡನೆ ಸುಮ್ಮನಾಗಲಿಲ್ಲ. ತಿರುಗುತ್ತ ತಿರುಗುತ್ತ ಬಂದು, ಅವನ ಕಾಲ ಹೆಬ್ಬೆರಳಿನ ಉಗುರನ್ನು ಸವರಿ ನಿಂತಿತು.

ಹೆಂಡತಿ ಅಲ್ಲಿದ್ದದ್ದು ಆ ಬಡಗಿಯ ಪುಣ್ಯ ಎಂದನು ಶಿಷ್ಯನು.

ಗುರುಗಳು ಕೇಳಿದರು: "ನಿನ್ನ ಸಿಟ್ಟಿನ ಪ್ಲಗ್ಗಿನ ಬಳಿ ನೀನು ಯಾರನ್ನು ನಿಲ್ಲಿಸಿ ಬಂದಿದ್ದೀಯೆ?"