ಕೋಳಿ ಮುಚ್ಚಿಟ್ಟ ಹಲ್ಲಿನ ಚೂರು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಕೋಳಿಗೆ ಹಲ್ಲಿತ್ತು, ಹೊನ್ನಿ. ಬಾಯಿಗೆ ಕೈ ಅಡ್ಡ ಹಿಡಿದು ಅಳುವುದನ್ನು ಬಿಟ್ಟು ಕೇಳು. ಬೆಳ್ಳಗೆ, ಸಾಲಾಗಿ, ನಿನ್ನವಕ್ಕಿಂತ ಚೆನ್ನಾಗಿತ್ತು.

ಆ ಹಲ್ಲಿನ ಮೇಲೆ ಕೋಳಿಗೆ ಎಲ್ಲಿಲ್ಲದ ಜಂಬ. ಹುಣಸೆ ಬೀಜವನ್ನು ಹುರಿಯದೆ, ಕುಟ್ಟದೆ, ಹಾಗೇ ಕಟಕ್ಕೆಂದು ಕಡಿಯುತ್ತಿದ್ದಳು. ಅಳಿಲು, ಕಾಗೆ ಎಲ್ಲ ತಮ್ಮ ಬೀಜ ತಂದು ಅವಳ ಮುಂದೆ ಸುರಿಯುತ್ತಿದ್ದವು.

"ಅಕ್ಕಾ, ನಾನಿಲ್ಲಿ ಸುಮ್ನೆ ಬಿದ್ದಿದೀನಿ. ನನ್ನ ಮೇಲಿಟ್ಟು ಕುಟ್ಟು. ಹಲ್ಲಿರೋದು ತಿನ್ನೋಕೆ, ಒಡೆಯೋಕಲ್ಲ," ಅಂದಿತು ಗುಂಡುಕಲ್ಲು.

"ನಿನ್ನ ಕೆಲಸ ನೀನು ನೋಡ್ಕೋ," ಅಂದಳು ಕೋಳಿ. ಕಲ್ಲಿಗೆ ಬೇರೆ ಕೆಲಸವೇನಿದೆ, ಪಾಪ!

ಒಂದು ದಿನ ಬೀಜದ ಬದಲು ಹಲ್ಲೇ ಕಟಕ್ಕೆಂದಿತು. ಮುಂದಿನ ಹಲ್ಲಿನ ಚೂರೊಂದು ಕೆಳಗೆ ಬಿತ್ತು. ಅವಳಿಗೆ ನಾಚಿಕೆಯಾಯಿತು. ಯಾರಾದರೂ ನೋಡಿಯಾರೆಂದು ಕಾಲಿನಿಂದ ಅದರ ಮೇಲೆ ಮಣ್ಣೆಳೆದುಬಿಟ್ಟಳು.

ಹುತ್ತ ಕಟ್ಟುತ್ತಿದ್ದ ಗೆದ್ದಲಜ್ಜಿ ಅದನ್ನು ಕಂಡಳು. "ಮಗಾ, ಆ ಚೂರನ್ನ ಹಾಲಲ್ಲಿ ಹಾಕಿ ತಾ. ಈಗ್ಲೇ ತಂದ್ರೆ ನನ್ನ ಅಂಟುಮಣ್ಣಲ್ಲಿ ಕೂಡಿಸ್ತೀನಿ. ಅಲ್ಲೀವರೆಗೂ ಗಟ್ಟಿಯಾದದ್ದೇನೂ ಕಚ್ಚಬೇಡ."

"ಯಾವ ಚೂರು? ನನ್ನ ಹಲ್ಲಿಗೇನಾಗಿದೆ?" ಅಂದಳು ಕೋಳಿ. ಯಾರಿಗೂ ಅನುಮಾನ ಬರಬಾರದೆಂದು ಮತ್ತೆ ಬೀಜ ಕಡಿದಳು. ದಿನದಿನವೂ ಕಡಿದಳು. ಒಂದೊಂದೇ ಹಲ್ಲು ಒಳಗೊಳಗೇ ಬಿರುಕು ಬಿಟ್ಟಿತು.

ಆಗ ಹದ್ದು ಬಂತು. ಕೋಳಿಯ ಮರಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡಿತು. ಕೋಳಿ ಹಾರಿ ಅದರ ಕಾಲನ್ನು ಕಚ್ಚಿ ಹಿಡಿದಳು. ಹಲ್ಲು ಗಟ್ಟಿಯಿದ್ದಿದ್ದರೆ ಹದ್ದು ಮರಿಯನ್ನು ಬಿಡುತ್ತಿತ್ತು. ಆದರೆ ಹಲ್ಲೆಲ್ಲ ಪುಡಿಪುಡಿಯಾಗಿ ಉದುರಿದವು.

"ಅವ್ವಾ," ಎಂದಿತು ಮರಿ, ಮೇಲಿನಿಂದ. ಆಮೇಲೆ ಅದೂ ಕೇಳಿಸಲಿಲ್ಲ.

ಕೋಳಿ ಹುತ್ತದ ಬಳಿ ಓಡಿದಳು. "ಅಜ್ಜೀ, ಕೂಡಿಸಿಕೊಡು. ಇನ್ನೂ ಮರಿಗಳಿದಾವೆ ನಂಗೆ."

"ಚೂರೆಲ್ಲಿ?"

"ಮಣ್ಣಲ್ಲಿ."

"ಹುಡುಕು ಹಾಗಾದ್ರೆ," ಅಂದಳು ಗೆದ್ದಲಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹುಡುಕಿದಳು. ಮಣ್ಣು ಒಣಗಿ ನೆಲವಾಯಿತು, ನೆಲದ ತುಂಬ ಕಲ್ಲಾಯಿತು, ಚೂರು ಸಿಗಲಿಲ್ಲ.

ಅದಕ್ಕೇ ನೋಡು, ನಮ್ಮ ಅಂಗಳದ ಕೋಳಿ ಇವತ್ತಿಗೂ ಅದೇ ಕಾಲಿನಿಂದ ಮಣ್ಣು ಕೆದಕುತ್ತಾಳೆ. ಸಣ್ಣ ಕಲ್ಲು ಸಿಕ್ಕರೆ ಹಲ್ಲೆಂದು ನುಂಗುತ್ತಾಳೆ. ಹದ್ದಿನ ನೆರಳು ಬಿದ್ದರೆ ರೆಕ್ಕೆ ಹರಡಿ ಕೂಗುತ್ತಾಳೆ, ಇನ್ನೇನೂ ಮಾಡಲಾರಳು.

ಹೊನ್ನಿ, ಮುಷ್ಟಿ ಬಿಚ್ಚು. ನಿನ್ನ ಹಲ್ಲಿನ ಚೂರು ಕೊಡು, ಹಾಲು ತರುತ್ತೇನೆ.