ಗೋಡೆಯವರೆಗೂ ನಡೆದವಳು

ರೇಡಿಯೋ ನಾಟಕಗಳಿಗೆ ಸದ್ದು ಕೊಡುವುದು ಚೆನ್ನಾಜಮ್ಮನ ಕೆಲಸ. ಬಾಗಿಲು, ಬಿಂದಿಗೆ, ಬಳೆ, ಎಲ್ಲದರ ಸದ್ದೂ ಅವಳದೇ. ಆ ಸಂಜೆ ನೇರ ಪ್ರಸಾರವಿತ್ತು. ನಾಟಕದ ನಾಯಕಿ ಗಂಡನ ಮನೆ ಬಿಟ್ಟು ಟೀಚರ್ ಕೆಲಸಕ್ಕೆ ಹೊರಡುತ್ತಾಳೆ. ಬರೆದಾಕೆ ಅಲ್ಲಿಗೇ ಮುಗಿಸಿದ್ದಳು. ನಿರ್ದೇಶಕ ಶೇಷಗಿರಿರಾಯರಿಗೆ ಅದು ಸರಿಬರಲಿಲ್ಲ.

“ಮಗು ಅಳುತ್ತೆ, ಇವಳು ತಿರುಗಿ ಬರ್ತಾಳೆ. ಹೆತ್ತ ಕರುಳು ಕಣಮ್ಮ! ಮಾತು ಬೇಡ, ಚಪ್ಪಲಿ ಸಪ್ಪಳ ಸಾಕು.”

“ಆಗಲಿ ಸಾರ್,” ಎಂದಳು ಚೆನ್ನಾಜಮ್ಮ.

ಮಗು ಅತ್ತಿತು. ಚೆನ್ನಾಜಮ್ಮ ಮೈಕಿನ ಬುಡದಿಂದ ಹೊರಟು ಗೋಡೆಯವರೆಗೂ ನಡೆದಳು. ಕೇಳುವವರ ಕಿವಿಯಲ್ಲಿ ಹೆಜ್ಜೆ ದೂರವಾಗುತ್ತ ಹೋಯಿತು. ರಾಯರು ಮೈಕಿನ ಎದುರೇ ಇದ್ದರು. ಬಾಯಿ ಬಿಟ್ಟರೆ ಊರಿಗೆಲ್ಲ ಕೇಳುತ್ತದೆ. ಬಾ, ಬಾ ಎಂದು ಕೈ ಬೀಸಿ ಬೀಸಿ ಕರೆದರು. ಅವಳು ತಿರುಗಿ ನೋಡಲಿಲ್ಲ.

ಪ್ರಸಾರ ಮುಗಿದದ್ದೇ ರಾಯರು ಸಿಡಿದರು. “ಹೋಗೇಬಿಟ್ಟಳಲ್ಲಮ್ಮ ಅವಳು!”

“ವಾಪಸ್ ಬರೋಕೆ ಮೊದಲು ಅವಳನ್ನ ಹೋಗೋಕಾದ್ರೂ ಬಿಡಬೇಕಲ್ಲ ಸಾರ್. ಅಷ್ಟರಲ್ಲಿ ಟೈಮ್ ಆಗೋಯ್ತು.”

ರಾಯರು ಗಡಿಯಾರ ನೋಡಿದರು.

ಅದೇ ಚಪ್ಪಲಿಯಲ್ಲಿ ಚೆನ್ನಾಜಮ್ಮ ಬಸ್ಸಿಳಿದಳು. ಬೀದಿಯ ಹೆಂಗಸರು ಜಗಲಿಯಲ್ಲಿ ಕೂತು ಆ ನಾಯಕಿ ಎಲ್ಲಿಗೆ ಹೋಗಿರಬಹುದೆಂದು ಮಾತಾಡುತ್ತಿದ್ದರು. ಚೆನ್ನಾಜಮ್ಮನ ಮನೆಯೊಳಗೆ ಅವಳ ಮಗಳು ಅಳುತ್ತಿದ್ದಳು. ಸಪ್ಪಳ ಹತ್ತಿರವಾದದ್ದು ಕೇಳಿ ಅತ್ತೆ ಒಳಗಿಂದಲೇ ಅಂದರು:

“ಬಂದ್ಲು ಬಿಡು. ಇನ್ನು ಒಲೆ ಹಚ್ತಾಳೆ.”

ಚೆನ್ನಾಜಮ್ಮ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತಳು. ಆಮೇಲೆ ಚಪ್ಪಲಿ ಕಳಚಿಟ್ಟು, ಸದ್ದಿಲ್ಲದೆ ಒಳಗೆ ಹೋದಳು.